ಗೇಟಿನಿಂದ ಮೂವತ್ತನಾಲ್ಕು ಹೆಜ್ಜೆ

ನಮ್ಮ ದೊಡ್ಡಮ್ಮನ ಹೆಜ್ಜೆಯ ಉದ್ದ ಐವತ್ತೆರಡು ಸೆಂಟಿಮೀಟರ್. ಇದು ಕಣ್ಣಂದಾಜಲ್ಲ. ಹತ್ತು ಸಲ ನಡೆಸಿ, ಟೇಪು ಹಿಡಿದು ಅಳೆದು, ಸರಾಸರಿ ತೆಗೆದದ್ದು. ಹತ್ತರಲ್ಲಿ ಒಂದು ಸಲವೂ ವ್ಯತ್ಯಾಸ ಒಂದು ಸೆಂಟಿಮೀಟರ್ ದಾಟಲಿಲ್ಲ. ಕೈಯಲ್ಲಿ ತುಂಬಿದ ಬಕೆಟ್ ಇರಲಿ, ಬಸ್ಸಿಗೆ ಹೊತ್ತಾಗಿರಲಿ, ಆಕೆ ಇಡುವ ಹೆಜ್ಜೆ ಅಷ್ಟೇ. ಜೊತೆಯಲ್ಲಿ ನಡೆಯುವವರಿಗೆ ಇದು ಸ್ವಲ್ಪ ಕಿರಿಕಿರಿ. ದೊಡ್ಡಪ್ಪ ಆಕೆಯೊಡನೆ ಪೇಟೆಗೆ ಹೊರಟರೆ ನಾಲ್ಕು ಅಂಗಡಿ ಮುಂದೆ ಹೋಗಿ ನಿಂತು, ತಿರುಗಿ ನೋಡಿ, "ಎಣಿಸ್ಕೊಂಡು ಬಾ, ಎಣಿಸ್ಕೊಂಡು ಬಾ. ಅಂಗಡಿ ಎಲ್ಲೂ ಓಡಿಹೋಗಲ್ಲ" ಎನ್ನುತ್ತಾರೆ.

ಆಕೆ ನಿಜಕ್ಕೂ ಎಣಿಸುತ್ತಿರುತ್ತಾಳೆ. ಮನೆಯಿಂದ ಬೇಕರಿಗೆ ನಾನ್ನೂರ ಹನ್ನೆರಡು, ಬೇಕರಿಯಿಂದ ಬಸ್‌ಸ್ಟಾಪಿಗೆ ನೂರ ತೊಂಬತ್ತು ಎಂದು ಕೇಳದೆಯೇ ಹೇಳುತ್ತಾಳೆ. ಈ ಅಭ್ಯಾಸ ಹೇಗೆ ಬಂತು ಎಂದು ಹೇಳಬೇಕಾದರೆ ಚರ್ಚಿನ ಹಿಂದಿರುವ ಸ್ಮಶಾನದ ಕಥೆಯನ್ನೇ ಹೇಳಬೇಕಾಗುತ್ತದೆ. ಏಕೆಂದರೆ ದೊಡ್ಡಮ್ಮ ಆ ಸ್ಮಶಾನವನ್ನು ನೋಡಿಕೊಳ್ಳುವವಳು. ಯಾರಾದರೂ ತೀರಿಕೊಂಡರೆ ಜಾಗ ತೋರಿಸುವುದು, ಗುಂಡಿ ತೋಡಿಸುವುದು, ಕಳೆ ಕೀಳುವುದು, ಬೆಳಿಗ್ಗೆ ಗೇಟು ತೆಗೆದು ಸಂಜೆ ಹಾಕುವುದು ಎಲ್ಲ ಅವಳ ಕೆಲಸ.

ಸ್ಮಶಾನ ದೊಡ್ಡದೇನಲ್ಲ. ಗೇಟಿನಿಂದ ಹಿಂದಿನ ಗೋಡೆಗೆ ಐವತ್ತು ಮೀಟರ್, ಅಗಲ ಮೂವತ್ತಾರು. ನಟ್ಟನಡುವೆ ನೇರವಾದ ಕಾಲುದಾರಿ. ಚರ್ಚು ಕಟ್ಟಿದ ಕಾಲದಲ್ಲಿ ಒಬ್ಬ ರೈತ ಈ ಜಾಗವನ್ನು ತುಂಬು ಮನಸ್ಸಿನಿಂದ ದಾನ ಮಾಡಿದ ಎಂದು ಗೇಟಿನ ಕಂಬದಲ್ಲಿ ಕೆತ್ತಿದ್ದಾರೆ. ಅಷ್ಟು ತುಂಬು ಮನಸ್ಸು ಬರಲು ಕಾರಣ ಗೇಟು ದಾಟಿದ ಕೂಡಲೇ ಎಡಗಡೆ ಕಾಣುತ್ತದೆ. ಎಮ್ಮೆ ಮಲಗಿದ ಹಾಗೆ ಒಂದು ಬಂಡೆ. ಅದಕ್ಕೆ ಬಡಿದು ಆ ರೈತನ ಎಷ್ಟು ನೇಗಿಲು ಮುರಿದಿದ್ದವೋ, ಅದನ್ನು ಯಾರೂ ಕೆತ್ತಿಲ್ಲ. ಮೊದಲು ಇಲ್ಲಿ ಮಲಗಿದವನು ಚರ್ಚು ಕಟ್ಟಿದ ಗಾರೆಯವನೇ. ಗೋಪುರದಿಂದ ಬಿದ್ದ. ಗಂಟೆ ಇನ್ನೂ ಮೇಲಕ್ಕೇರಿರಲಿಲ್ಲವಾದ್ದರಿಂದ ಅವನಿಗಾಗಿ ಗಂಟೆ ಬಾರಿಸಲಿಲ್ಲ. ಸುತ್ತಲಿನ ಗೋಡೆಯನ್ನು ಮೂರು ಕಾಲದಲ್ಲಿ ಮೂವರು ಕಟ್ಟಿದ್ದಾರೆ. ಮೂರು ಬಗೆಯ ಕಲ್ಲು, ಮೂರು ಬಗೆಯ ಎತ್ತರ. ಪ್ರತಿಯೊಬ್ಬನೂ ಹಿಂದಿನವನ ಕೆಲಸ ನೋಡಿ ತಲೆ ಚಚ್ಚಿಕೊಂಡನಂತೆ.

ಒಟ್ಟು ಸಮಾಧಿಗಳು ನಾನ್ನೂರ ಹನ್ನೊಂದು. ಅವುಗಳಲ್ಲಿ ಕಲ್ಲು ಇರುವುದು ತೊಂಬತ್ತಮೂರಕ್ಕೆ ಮಾತ್ರ. ಉಳಿದವರಿಗೆ ಮರದ ಶಿಲುಬೆ. ಇಲ್ಲಿನ ಗೆದ್ದಲು ಒಂದು ಶಿಲುಬೆಯನ್ನು ಮುಗಿಸಲು ಸುಮಾರು ಐದು ವರ್ಷ ತೆಗೆದುಕೊಳ್ಳುತ್ತದೆ. ಆಮೇಲೆ ಹುಲ್ಲು. ಯಾರು ಎಲ್ಲಿದ್ದಾರೆ ಎಂಬುದು ಕಂಡವರ ನೆನಪಿನಲ್ಲಿ ಇರಬೇಕು, ಇಲ್ಲವೆಂದರೆ ಇಲ್ಲ.

ಐವತ್ತೆಂಟು ವರ್ಷದ ಹಿಂದೆ ಈ ನೆನಪು ಒಮ್ಮೆ ಕೈಕೊಟ್ಟಿತು. ಮೋಚಿಯ ತಾಯಿಗೆಂದು ತೋಡಿದ ಗುಂಡಿಯಲ್ಲಿ ಮೊದಲೇ ಒಬ್ಬರಿದ್ದರು. ತೋಡುವವರು ಗುದ್ದಲಿ ಎಸೆದು ಗೋಡೆ ಹಾರಿದರು. ಇನ್ನೊಂದು ಜಾಗ ಸಿಗುವ ತನಕ, ಎರಡು ತಾಸು, ಬಂದ ಜನ ಪೆಟ್ಟಿಗೆಯನ್ನು ಬಂಡೆಯ ಮೇಲಿಟ್ಟು ಬಿಸಿಲಿನಲ್ಲಿ ನಿಂತಿದ್ದರು. ಆಗ ಸ್ಮಶಾನ ನೋಡಿಕೊಳ್ಳುತ್ತಿದ್ದವರು ದೊಡ್ಡಮ್ಮನ ಮಾವ, ಅಂದರೆ ದೊಡ್ಡಪ್ಪನ ತಂದೆ. ಚರ್ಚಿನ ಗಂಟೆ ಬಾರಿಸುವವರೂ ಅವರೇ. ಆರಡಿ ಎರಡಂಗುಲದ ಆಳು. ಆ ಅವಮಾನ ಅವರಿಗೆ ನುಂಗಲಾಗಲಿಲ್ಲ. ಮರುದಿನ ಗೆರೆ ಎಳೆದ ಒಂದು ನೋಟ್‌ಬುಕ್ ತಂದು, ತಮಗೆ ಗೊತ್ತಿದ್ದ ಅಷ್ಟೂ ಜನರ ಜಾಗವನ್ನು ನಡೆದು, ಎಣಿಸಿ ಬರೆದರು. ಹೆಸರು, ತಾರೀಕು, ಮುಂದೆ ಎರಡು ಅಂಕಿ. "ಗೇಟಿನಿಂದ 20, ಬಲ 7" ಎಂದರೆ ಕಾಲುದಾರಿಯಲ್ಲಿ ಇಪ್ಪತ್ತು ಹೆಜ್ಜೆ ಬಂದು, ಬಲಕ್ಕೆ ತಿರುಗಿ ಏಳು ಹೆಜ್ಜೆ. ಅದರ ಹೆಸರು ಹೆಜ್ಜೆ ಪುಸ್ತಕ ಎಂದಾಯಿತು. ಅಲ್ಲಿಂದ ಮುಂದೆ ತೀರಿಕೊಂಡವರನ್ನೆಲ್ಲ ತಾರೀಕಿನ ಪ್ರಕಾರ ಬರೆಯುತ್ತ ಬಂದರು.

ದೊಡ್ಡಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ಗಂಡು ಬಸ್ ಡ್ರೈವರ್ ಎಂದು ಹೇಳಿದ್ದರು. ಮನೆಯ ಹಿತ್ತಿಲ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಹೇಳಿರಲಿಲ್ಲ. ಬಂದ ಮರುದಿನ ಬಟ್ಟೆ ಒಣಹಾಕಲು ಬಾಗಿಲು ತೆಗೆದರೆ ಎದುರಿಗೆ ಸಾಲು ಶಿಲುಬೆ.

"ರೀ, ಇದೇನ್ರೀ?" ಎಂದು ಗಂಡನನ್ನು ಕರೆದಳಂತೆ.

ದೊಡ್ಡಪ್ಪ ಅಡುಗೆಮನೆಯಿಂದಲೇ, "ಅಕ್ಕಪಕ್ಕದೋರು. ಗಲಾಟೆ ಮಾಡಲ್ಲ. ನೀನು ಬಟ್ಟೆ ಹಾಕಿ ಬೇಗ ಬಾಗಿಲು ಹಾಕು" ಎಂದರು. ಅವರು ಹುಟ್ಟಿ ಬೆಳೆದದ್ದು ಅದೇ ಮನೆಯಲ್ಲಿ. ಆದರೂ ಇವತ್ತಿನವರೆಗೆ ಆ ಬಾಗಿಲು ದಾಟಿಲ್ಲ. ಅರವತ್ತು ಜನರನ್ನು ತುಂಬಿಕೊಂಡು ಬೆಟ್ಟದ ತಿರುವಿನಲ್ಲಿ ಬಸ್ ಓಡಿಸಿದ ಮನುಷ್ಯ!

ದೊಡ್ಡಮ್ಮನಿಗೆ ಹೆದರಿಕೆ ಎರಡು ವಾರ ಇತ್ತು. ಆಮೇಲೆ ಮಾವನ ಹಿಂದೆ ನಡೆಯತೊಡಗಿದಳು. ಅವರು ಗುಂಡಿ ತೋಡಿಸುವ ಮುಂಚೆ ಉದ್ದದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ನೋಡುವುದು ಅವಳಿಗೆ ಬಹಳ ಹಿಡಿಸಿತು. ಒಮ್ಮೆ ತೋಡಿದ ಮಣ್ಣು ಎಷ್ಟು ವರ್ಷವಾದರೂ ಸಲಾಕೆಯನ್ನು ಮೆತ್ತಗೆ ಒಳಗೆ ಬಿಡುತ್ತದೆ. ತೋಡದ ಮಣ್ಣು ತಡೆಯುತ್ತದೆ. "ನೆಲ ಸುಳ್ಳು ಹೇಳಲ್ಲ ಕಣಮ್ಮ, ಕೇಳೋಕೆ ಬರಬೇಕು ಅಷ್ಟೇ" ಎಂದು ಮಾವ ಸಲಾಕೆಯನ್ನು ಅವಳ ಕೈಗೆ ಕೊಟ್ಟರು.

ಅವಳಿಗೆ ಇಪ್ಪತ್ತನಾಲ್ಕಾಗಿದ್ದಾಗ ಮಾವ ಗಂಟೆಗೋಪುರದ ಏಣಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಐದು ತಿಂಗಳು ಪ್ಲಾಸ್ಟರ್. ಆ ಐದು ತಿಂಗಳಲ್ಲಿ ಏಳು ಸಾವು. ಮಾವ ಗೇಟಿನ ಬಳಿ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು ಆಜ್ಞೆ ಕೊಡುವುದು; ಸೊಸೆ ನಡೆದು ಎಣಿಸಿ ಕೂಗಿ ಹೇಳುವುದು; ಅವರು ಪುಸ್ತಕದಲ್ಲಿ ಬರೆಯುವುದು. ಹೀಗೆ ನಡೆಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರೇ ಮತ್ತೆ ನಡೆದರು.

ಎರಡು ವರ್ಷ ಕಳೆದ ಮೇಲೆ, ಮುಂದೆ ಈ ಕೆಲಸ ಸೊಸೆಗೇ ಬರುತ್ತದೆ ಎಂದು ಗೊತ್ತಾಗಿ, ಅವಳನ್ನು ಪಕ್ಕದಲ್ಲಿ ನಡೆಸಿಕೊಂಡು ಗೇಟಿನಿಂದ ಹಿಂದಿನ ಗೋಡೆಯವರೆಗೆ ಹೋದರು. ಅವರಿಗೆ ಅರವತ್ತನಾಲ್ಕು ಹೆಜ್ಜೆ, ಅವಳಿಗೆ ತೊಂಬತ್ತಾರು. "ನನ್ನ ಎರಡಕ್ಕೆ ನಿನ್ನ ಮೂರು. ಪುಸ್ತಕದಲ್ಲಿರೋದಕ್ಕೆ ಅದರ ಅರ್ಧ ಸೇರಿಸಿ ನಡಿ" ಎಂದರು. ಅಂದಿನಿಂದ ದೊಡ್ಡಮ್ಮ ಹೆಜ್ಜೆಯ ಅಳತೆ ಕೆಡದ ಹಾಗೆ ನಡೆಯುವುದನ್ನು ಅಭ್ಯಾಸ ಮಾಡಿದಳು. ತನ್ನ ಕಾಲದಲ್ಲಿ ಬರೆಯುವಾಗ ಮೂರಕ್ಕೆ ಎರಡರಂತೆ ಇಳಿಸಿ, ಮಾವನ ಹೆಜ್ಜೆಯಲ್ಲೇ ಬರೆಯುತ್ತಾಳೆ. ಪುಸ್ತಕ ಒಂದೇ ಇದ್ದ ಮೇಲೆ ಕಾಲೂ ಒಂದೇ ಇರಬೇಕು ಎಂಬುದು ಅವಳ ವಾದ.

ಮಾವ ತೀರಿಕೊಂಡಾಗ ಚರ್ಚಿನ ಸಮಿತಿಯ ಹಿರಿಯರೊಬ್ಬರು, "ಗುಂಡಿ ತೋಡಿಸೋದು ಹೆಂಗಸರ ಕೆಲಸವಾ?" ಎಂದು ಕೇಳಿದರು.

"ನಿಮ್ಮ ತಾಯಿ ಎಲ್ಲಿದ್ದಾರೆ ಅಂತ ತೋರಿಸಿ ಸ್ವಾಮಿ, ನಾನು ಕೆಲಸ ಬಿಟ್ಟುಬಿಡ್ತೀನಿ" ಎಂದಳು ದೊಡ್ಡಮ್ಮ.

ಹಿರಿಯರು ಸುತ್ತಲೂ ನೋಡಿ, ಗಡ್ಡ ಕೆರೆದುಕೊಂಡು, ಒಂದು ಗಿಡದ ಕಡೆ ಕೈ ಮಾಡಿದರು. ದೊಡ್ಡಮ್ಮ ಅವರನ್ನು ಕೈಹಿಡಿದು ಅದರ ವಿರುದ್ಧ ದಿಕ್ಕಿಗೆ ಕರೆದುಕೊಂಡು ಹೋದಳು. ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಅವಳಿಗೆ ಮೂವತ್ತಾರು ವರ್ಷವಾಗಿದ್ದಾಗ ಬೇಕರಿ ಅಜ್ಜಿ ಊರಿಗೆ ವಾಪಸ್ಸು ಬಂದರು. ಆಗ ಅವರು ಅಜ್ಜಿಯಲ್ಲ, ಐವತ್ತೆರಡರ ಗಟ್ಟಿ ಹೆಂಗಸು. ಹನ್ನೆರಡು ವರ್ಷದ ಹಿಂದೆ ಗಂಡ, ಅಂದರೆ ನಮ್ಮೂರ ಬೇಕರಿಯವರು, ಹಠಾತ್ತನೆ ತೀರಿಕೊಂಡಿದ್ದರು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಊರಿಗೆ ಹೋಗಿದ್ದ ಆಕೆ, ಮಕ್ಕಳ ಮದುವೆ ಮುಗಿಸಿ, ಬೇಕರಿಯ ಬೀಗ ತೆಗೆದು, ಒಲೆ ಹಚ್ಚಿದರು. ಮೊದಲ ಭಾನುವಾರವೇ ಹೂ ಹಿಡಿದು ಗೇಟಿಗೆ ಬಂದರು.

"ನಮ್ಮೋರು ಎಲ್ಲಿದ್ದಾರೆ, ತೋರ್ಸೆ. ಅವತ್ತು ನನಗೆ ನೆಲ ಯಾವುದು ಆಕಾಶ ಯಾವುದು ಗೊತ್ತಿರಲಿಲ್ಲ. ಈಗ ನೋಡಿದ್ರೆ ಶಿಲುಬೇನೂ ಇಲ್ಲ."

ದೊಡ್ಡಮ್ಮ ಪುಸ್ತಕ ತೆಗೆದಳು. ಗೇಟಿನಿಂದ 34, ಎಡ 12. ಅರ್ಧ ಸೇರಿಸಿದರೆ ಐವತ್ತೊಂದು, ಹದಿನೆಂಟು. ನಡೆದು ಹೋಗಿ, ಬಂಡೆಯ ಆಚೆ ಬದಿಗೆ ನಿಂತು, ಸಲಾಕೆ ಚುಚ್ಚಿದಳು. ಮೆತ್ತಗೆ ಇಳಿಯಿತು. "ಇಲ್ಲೇ ಅಕ್ಕಾ."

ಅಕ್ಕ ಅಲ್ಲೇ ಕೂತರು. ಅಂದಿನಿಂದ ಇಪ್ಪತ್ತೇಳು ವರ್ಷ, ಜ್ವರ ಮಳೆ ಕಳೆದು ಸುಮಾರು ಸಾವಿರದ ಮುನ್ನೂರು ಭಾನುವಾರ, ಅಲ್ಲಿ ಹೂ ಇಟ್ಟು ವಾರದ ವರದಿ ಒಪ್ಪಿಸಿದರು. ಕಳೆ ಕೀಳುತ್ತ ಪಕ್ಕದಲ್ಲಿರುತ್ತಿದ್ದ ದೊಡ್ಡಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ದೊಡ್ಡ ಅಳಿಯನ ಸೋಮಾರಿತನ, ಒಲೆಯ ಬಿರುಕು, ಮೊಣಕಾಲು ನೋವು. ಎಲ್ಲಕ್ಕಿಂತ ಹೆಚ್ಚಾಗಿ ಬ್ರೆಡ್ಡು.

"ಈ ವಾರವೂ ಹಿಟ್ಟು ಸ್ವಲ್ಪ ಕಡಿಮೆನೇ ಹಾಕ್ದೆ ರೀ. ಉಬ್ಬಿ ಬಂದ್ಮೇಲೆ ನೋಡೋಕೆ ಒಂದೇ ಥರ ಇರುತ್ತೆ. ನೀವು ಹೇಳಿಕೊಟ್ಟ ಹಾಗೇನೇ, ಅಚ್ಚಿಗೆ ಹಾಕೋ ಮುಂಚೆ ಒಂದು ಚಿವುಟು ತೆಗೆಯೋದು. ಯಾರಿಗೂ ಗೊತ್ತಾಗಲ್ಲ."

ದೊಡ್ಡಮ್ಮ ಕೆಮ್ಮುತ್ತಿದ್ದಳು. "ಅಕ್ಕಾ, ನಾನು ದಿನಾ ನಿಮ್ಮ ಬ್ರೆಡ್ಡೇ ತಗೊಳ್ಳೋದು."

"ನಿನ್ನ ಬ್ರೆಡ್ಡಿಂದ ತೆಗೆಯಲ್ಲ ಕಣೆ, ಸುಮ್ನಿರು."

ಅವರು ಕೇಳಿಕೊಂಡದ್ದು ಒಂದೇ. "ಈ ಪಕ್ಕದ ಜಾಗ ನನಗೆ. ಯಾರು ಬಂದು ಕೇಳಿದ್ರೂ ಕೊಡಬೇಡ." ದೊಡ್ಡಮ್ಮ ಮಾತು ಕೊಟ್ಟಿದ್ದಳು. ಹಿಂದಿನ ಸಮಿತಿಯ ಅಧ್ಯಕ್ಷರ ಮನೆಯವರು ನೆರಳಿರುವ ಜಾಗವೆಂದು ಅದನ್ನೇ ಕೇಳಿದಾಗಲೂ ಜಗ್ಗಲಿಲ್ಲ. ಸಾವಿರದ ಮುನ್ನೂರು ಭಾನುವಾರ ಇಬ್ಬರು ಹೆಂಗಸರು ಒಂದೇ ಕಡೆ ಕೂತರೆ ಏನಾಗುತ್ತದೋ ಅದೇ ಆಗಿತ್ತು. ದೊಡ್ಡಮ್ಮನಿಗೆ ಆ ಊರಿನಲ್ಲಿ ಅಕ್ಕ ಎಂದರೆ ಅವರೊಬ್ಬರೇ.

ಕಳೆದ ವರ್ಷ ಹೊಸ ಫಾದರ್ ಬಂದರು. ಮೂವತ್ತೆರಡು ವರ್ಷದ, ಕನ್ನಡಕದ, ಅಚ್ಚುಕಟ್ಟಿನ ಮನುಷ್ಯ. ಹೆಜ್ಜೆ ಪುಸ್ತಕ ನೋಡಿ ಬೆರಗಾದರು. "ಅಮ್ಮಾ, ಇದನ್ನ ಮೀಟರ್‌ಗೆ ತಂದು ಒಂದು ನಕ್ಷೆ ಮಾಡೋಣ. ನೀವಿದ್ದಾಗಲೇ ಆಗಬೇಕು" ಎಂದರು.

"ನಾನು ಹೋಗೋ ಹಾಗೆ ಕಾಣ್ತಿದೀನಾ ಫಾದರ್?"

"ಛೆ, ಹಾಗಲ್ಲ. ಪುಸ್ತಕ ಹೋಗೋ ಹಾಗೆ ಕಾಣ್ತಿದೆ."

ಟೇಪಿನ ಒಂದು ತುದಿ ಫಾದರ್ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಕಲ್ಲು ಇರುವ ಸಮಾಧಿಗಳನ್ನು ಮೊದಲು ಅಳೆದು, ಪುಸ್ತಕದ ಅಂಕಿಗೆ ಭಾಗಿಸಿದಾಗ ಮಾವನ ಹೆಜ್ಜೆ ಎಪ್ಪತ್ತೆಂಟು ಸೆಂಟಿಮೀಟರ್ ಎಂದು ಬಂತು. ತೊಂಬತ್ತೆರಡು ಕಲ್ಲುಗಳಲ್ಲಿ ಒಂದೂ ಲೆಕ್ಕಕ್ಕಿಂತ ಒಂದಡಿ ಆಚೀಚೆ ಇರಲಿಲ್ಲ. ತೊಂಬತ್ತಮೂರನೆಯದು ಪೋಸ್ಟ್‌ಮ್ಯಾನ್ ಒಬ್ಬರದು. ಪುಸ್ತಕದಲ್ಲಿ ಗೇಟಿನಿಂದ 34, ಎಡ 9. ಲೆಕ್ಕದ ಪ್ರಕಾರ ಅವರು ಇಪ್ಪತ್ತಾರೂವರೆ ಮೀಟರ್ ದೂರದಲ್ಲಿರಬೇಕು. ಕಲ್ಲು ಹದಿನೇಳೂ ಮುಕ್ಕಾಲು ಮೀಟರಿಗೇ ನಿಂತಿದೆ.

"ಇಲ್ಲೊಂದು ನಿಮ್ಮ ಮಾವ ತಪ್ಪು ಬರೆದಿದ್ದಾರೆ ಅಮ್ಮಾ" ಎಂದರು ಫಾದರ್.

"ನಮ್ಮ ಮಾವ ತಪ್ಪು ಬರೆಯೋರಲ್ಲ. ಬೇಕಾದ್ರೆ ಆ ಪೋಸ್ಟ್‌ಮ್ಯಾನೇ ಎದ್ದು ಮುಂದೆ ಬಂದಿರಬೇಕು. ಇದ್ದಾಗಲೂ ಒಂದು ಕಡೆ ಕೂತ ಮನುಷ್ಯ ಅಲ್ಲ."

ಮಾತು ಹಾಗಂದರೂ ಅವಳ ಮುಖ ಬಿಗಿದಿತ್ತು. ಸಲಾಕೆ ಕೆಳಗಿಟ್ಟು ಗೇಟಿಗೆ ಹೋದಳು. ತಿರುಗಿ ನಿಂತು ಎಣಿಸುತ್ತ ಬಂದಳು. ಅರ್ಧ ಸೇರಿಸಲಿಲ್ಲ. ತನ್ನ ಹೆಜ್ಜೆಯಲ್ಲೇ ಮೂವತ್ತನಾಲ್ಕು, ಎಡಕ್ಕೆ ತಿರುಗಿ ಒಂಬತ್ತು. ಒಂಬತ್ತನೆಯ ಹೆಜ್ಜೆಗೆ ಚಪ್ಪಲಿಯ ತುದಿ ಪೋಸ್ಟ್‌ಮ್ಯಾನ್ ಕಲ್ಲಿಗೆ ತಾಗಿತು.

"ಇದು ನನ್ನ ಹೆಜ್ಜೆ" ಎಂದಳು. "ಪ್ಲಾಸ್ಟರ್ ವರ್ಷ. ನಾನು ಕೂಗಿದ್ದನ್ನ ಮಾವ ಹಾಗೇ ಬರೆದಿದ್ದಾರೆ. ಮೂರಕ್ಕೆ ಎರಡು ಅಂತ ಆಗ ಇಬ್ಬರಿಗೂ ಹೊಳೆದಿರಲಿಲ್ಲವಲ್ಲ."

ಕಲ್ಲು ಎದುರಿಗೇ ಇದ್ದುದರಿಂದ ಪೋಸ್ಟ್‌ಮ್ಯಾನ್ ಜಾಗವನ್ನು ಪುಸ್ತಕ ನೋಡಿ ಹುಡುಕುವ ಪ್ರಸಂಗವೇ ಮೂವತ್ತೊಂಬತ್ತು ವರ್ಷ ಬಂದಿರಲಿಲ್ಲ. ಮಾವನ ಅಕ್ಷರ ಕಂಡರೆ ಮಾವನ ಹೆಜ್ಜೆ ಎಂದೇ ದೊಡ್ಡಮ್ಮ ತಿಳಿದಿದ್ದಳು. ಈಗ ಪುಸ್ತಕ ಕಸಿದುಕೊಂಡು ಆ ಐದು ತಿಂಗಳ ಏಳು ಹೆಸರುಗಳ ಮೇಲೆ ಬೆರಳಾಡಿಸಿದಳು. ಅವರಲ್ಲಿ ಐವರ ಮನೆಯವರು ಯಾರೂ ಈಗ ಊರಲ್ಲಿಲ್ಲ, ಯಾರೂ ಜಾಗ ಕೇಳಿಯೂ ಇರಲಿಲ್ಲ. ಆರನೆಯವರು ಪೋಸ್ಟ್‌ಮ್ಯಾನ್. ಏಳನೆಯವರ ಹೆಸರಿನ ಮೇಲೆ ಬೆರಳು ನಿಂತಿತು. ಬೇಕರಿಯವರು. 34, ಎಡ 12.

"ಹಾಗಾದ್ರೆ ಬಂಡೆ ಆಚೆ ಇರೋದು ಯಾರು?" ಎಂದರು ಫಾದರ್.

ಪುಸ್ತಕ ತಾರೀಕಿನ ಪ್ರಕಾರ ಇರುವುದರಿಂದ ಅಂಕಿಯ ಪ್ರಕಾರ ಯಾರೂ ಹುಡುಕಿರಲಿಲ್ಲ. ಹಿಂದಕ್ಕೆ ತಿರುವುತ್ತ ಹೋದೆವು. ಅದಕ್ಕೂ ಮೂರು ವರ್ಷ ಹಿಂದೆ, ಮಾವ ಎರಡೂ ಕಾಲಿನಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ, ಅದೇ ಅಂಕಿ ಇನ್ನೊಮ್ಮೆ ಇತ್ತು. 34, ಎಡ 12. ಮುಂದೆ ತೂಕದ ಸಾಹೇಬರ ಹೆಸರು.

ತೂಕದ ಸಾಹೇಬರೆಂದರೆ ಅಂಗಡಿಗಳ ತಕ್ಕಡಿ, ಬಟ್ಟುಗಳನ್ನು ತಪಾಸಣೆ ಮಾಡುತ್ತಿದ್ದ ಸರ್ಕಾರಿ ಅಧಿಕಾರಿ. ಮದುವೆಯಾಗದವರು, ಹತ್ತಿರದವರು ಯಾರೂ ಇರಲಿಲ್ಲ. ಬ್ರೆಡ್ಡಿನ ತೂಕ ಕಡಿಮೆ ಎಂದು ಬೇಕರಿಯನ್ನು ಎಂಟು ದಿನ ಮುಚ್ಚಿಸಿದ್ದರು. ಬೇಕರಿಯವರು ಸಾಯುವ ತನಕ ಅವರ ಹೆಸರೆತ್ತಿದರೆ ನೆಲಕ್ಕೆ ಉಗುಳುತ್ತಿದ್ದರಂತೆ.

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯುತ್ತಿದ್ದರು ಎಂದು ನನ್ನ ಅನುಮಾನ. ದೊಡ್ಡಮ್ಮ ನಗಲಿಲ್ಲ. ಪೋಸ್ಟ್‌ಮ್ಯಾನ್ ಕಲ್ಲಿನ ಮೇಲೆ ಕೂತುಬಿಟ್ಟಳು.

ಆ ದಿನ ಮಧ್ಯಾಹ್ನ ಅವಳು ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದಳೇ ಹೊರತು ತುತ್ತು ಎತ್ತಲಿಲ್ಲ. ದೊಡ್ಡಪ್ಪ ಸಮಾಧಾನ ಹೇಳಿದರು. "ಇಪ್ಪತ್ತೇಳು ವರ್ಷ ನಡೆದಿದೆ. ಅವರಿಗೆ ಎಪ್ಪತ್ತೊಂಬತ್ತು. ಹೀಗೇ ಇನ್ನೊಂದಷ್ಟು ದಿನ ನಡೀಲಿ ಬಿಡು. ಹೇಳಿ ಆ ಜೀವಕ್ಕೆ ಯಾಕೆ ಸಂಕಟ ಕೊಡ್ತೀಯ?"

"ಆಮೇಲೆ? ಅವರು ಹೋದ್ಮೇಲೆ ಕರ್ಕೊಂಡು ಹೋಗಿ ತೂಕದ ಸಾಹೇಬರ ಪಕ್ಕ ಮಲಗಿಸ್ಲಾ?"

ದೊಡ್ಡಪ್ಪ ನೀರು ಕುಡಿದರು.

"ಹೇಳಿದ್ರೆ ಅಕ್ಕ ನನ್ನ ಮುಖ ನೋಡಲ್ಲ" ಎಂದಳು ದೊಡ್ಡಮ್ಮ. "ಹೇಳದಿದ್ರೆ ನಾನೇ ಅವರ ಮುಖ ನೋಡೋಕಾಗಲ್ಲ." ಕೈ ತೊಳೆದು ಎದ್ದಳು. ನಾನೂ ಜೊತೆಗೆ ಹೋದೆ. ನಾನ್ನೂರ ಹನ್ನೆರಡು ಹೆಜ್ಜೆಯಲ್ಲಿ ಒಂದನ್ನೂ ಅವಳು ಎಣಿಸಲಿಲ್ಲ ಎಂದು ಆಮೇಲೆ ಹೇಳಿದಳು.

ಬೇಕರಿಯ ಒಳಕೋಣೆಯಲ್ಲಿ ಅಜ್ಜಿ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದರು. ಕಲಸಿದ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಉಬ್ಬುತ್ತಿತ್ತು. ದೊಡ್ಡಮ್ಮ ನಿಂತುಕೊಂಡೇ ಹೇಳಿದಳು; ಪ್ಲಾಸ್ಟರ್, ಹೆಜ್ಜೆ, ಎರಡು ಸಲ ಬಂದ ಅಂಕಿ, ಕೊನೆಗೆ ಸಾಹೇಬರ ಹೆಸರು. ಒಂದನ್ನೂ ಮಾವನ ತಲೆಗೆ ಕಟ್ಟಲಿಲ್ಲ. "ತಪ್ಪು ನಂದು ಅಕ್ಕಾ. ಕೂಗಿದ್ದೂ ನಾನೇ, ತೋರಿಸಿದ್ದೂ ನಾನೇ."

ಅಜ್ಜಿ ಕೈಯಲ್ಲಿದ್ದ ಅಚ್ಚನ್ನು ಸವರುತ್ತಲೇ ಇದ್ದರು. ಅದು ಮೂರು ಸಲ ಮುಗಿದಿತ್ತು.

"ನಾನು ಹೇಳಿದ್ದೆಲ್ಲ ಅವನಿಗಾ?" ಎಂದರು.

ದೊಡ್ಡಮ್ಮ ತಲೆಯಾಡಿಸಿದಳು.

"ಚಿವುಟು ತೆಗೆಯೋ ವಿಷಯವೂ?"

"ಅದೇ ಜಾಸ್ತಿ ಅಕ್ಕಾ."

ಅಜ್ಜಿಯ ತುಟಿ ನಡುಗಿತು. ನಗುತ್ತಾರೆಂದು ನಾನು ಎಣಿಸಿದ್ದೆ. ಆದರೆ ಅವರು ಅಚ್ಚನ್ನು ಮೇಜಿನ ಮೇಲೆ ಕುಕ್ಕಿದರು. "ನಮ್ಮೋರು ಬಂಡೆ ಈಚೆ ಮಲಗಿ ಕೇಳಿಸ್ಕೊಂಡಿರ್ತಾರಲ್ಲೇ! ನನ್ನ ಹೆಂಡತಿ ವಾರ ವಾರ ಬಂದು ಆ ಮನುಷ್ಯನಿಗೆ ಹೂ ಇಡ್ತಾಳೆ, ನನ್ನ ಕಡೆ ತಿರುಗೂ ನೋಡಲ್ಲ ಅಂತ. ಹೋಗು ನೀನು. ಹೋಗು ಅಂದೆ."

ನಾಲ್ಕು ದಿನ ನಮ್ಮ ಮನೆಗೆ ಬ್ರೆಡ್ಡು ಬರಲಿಲ್ಲ. ದೊಡ್ಡಮ್ಮ ತಾನಾಗಿ ಹೋಗಿ ಕೇಳಲಿಲ್ಲ. ಸ್ಮಶಾನದಲ್ಲಿ ಮಾತ್ರ, ಬೇಕಿಲ್ಲದಿದ್ದರೂ, ಬಂಡೆಯ ಈಚೆ ಬದಿಯ ಹುಲ್ಲನ್ನು ನೆಲ ಕಾಣುವ ಹಾಗೆ ಕಿತ್ತಳು. ಪೋಸ್ಟ್‌ಮ್ಯಾನ್ ಕಲ್ಲಿನಿಂದ ಮೂರು ಹೆಜ್ಜೆ ಎಡಕ್ಕೆ ಸಲಾಕೆ ಚುಚ್ಚಿ ನೋಡಿದಳು. ಮೆತ್ತಗೆ ಇಳಿಯಿತು. ಅಲ್ಲೇ ಇದ್ದರು ಬೇಕರಿಯವರು, ಅನುಮಾನವಿಲ್ಲ. ಆದರೆ ಪಕ್ಕದ ಜಾಗ? ಬಲಕ್ಕೆ ಪೋಸ್ಟ್‌ಮ್ಯಾನ್. ಎಡಕ್ಕೆ ಬಂಡೆ. ಸಲಾಕೆಯನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಹೋದಳು. ಮೆತ್ತನೆಯ ಮಣ್ಣು ಮುಗಿದು ಗಟ್ಟಿ ಮಣ್ಣು ಸಿಕ್ಕಿತು, ಅದಾದ ಸ್ವಲ್ಪಕ್ಕೇ ಠಣ್ ಎಂದಿತು. ನಾನು ಟೇಪು ಹಿಡಿದೆ. ಎಪ್ಪತ್ತೊಂದು ಸೆಂಟಿಮೀಟರ್. ಗುಂಡಿಯ ಅಗಲಕ್ಕೆ ಚರ್ಚಿನ ನಿಯಮ ತೊಂಬತ್ತು.

ದೊಡ್ಡಮ್ಮ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ಅಳೆದಳು. ಎಪ್ಪತ್ತೊಂದೇ.

ಭಾನುವಾರ ಪೂಜೆ ಮುಗಿದು ಜನ ಚದುರಿದರು. ಅಜ್ಜಿ ಗೇಟಿನಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಹೂ ಇರಲಿಲ್ಲ, ಊರುಗೋಲು ಮಾತ್ರ.

"ಎಲ್ಲಿ, ನಡಿ" ಎಂದರು. ದೊಡ್ಡಮ್ಮ ಮುಂದೆ ಹೊರಟಳು. "ನೀನು ಎಣಿಸಬೇಡ. ನಿನ್ನ ಎಣಿಕೆ ಸಾಕಾಗಿದೆ. ಕಲ್ಲು ತೋರ್ಸು, ನಾನು ಬರ್ತೀನಿ."

ಜಾಗ ನೋಡಿದರು. ಕಿತ್ತು ಶುಚಿ ಮಾಡಿದ್ದನ್ನೂ ನೋಡಿದರು. ಆಮೇಲೆ ಬಂಡೆ ನೋಡಿದರು. ಐವತ್ತು ವರ್ಷ ಅಚ್ಚಿನ ಅಗಲ ನೋಡಿದ ಕಣ್ಣು ಅವರದು. "ಇಲ್ಲಿ ಹಿಡಿಯಲ್ವಲ್ಲೇ?"

"ಎಪ್ಪತ್ತೊಂದು ಇದೆ ಅಕ್ಕಾ. ತೊಂಬತ್ತು ಬೇಕು." ದೊಡ್ಡಮ್ಮ ಬಂಡೆಯ ಬುಡದ ಮಣ್ಣನ್ನು ಚಪ್ಪಲಿಯಿಂದ ಸರಿಸಿದಳು. "ಕಾಲಿನ ಕಡೆ ಜಾಗ ಮಾಡಬಹುದು ಅಂತ ಫಾದರ್ ಹೇಳ್ತಾರೆ."

"ಕಾಲಿನ ಕಡೆನಾ! ಬದುಕಿದ್ದಾಗಲೇ ಅವರ ಕಾಲ ಹತ್ರ ಕೂತೋಳಲ್ಲ ನಾನು." ಅಜ್ಜಿ ಊರುಗೋಲನ್ನು ಬಂಡೆಗೆ ಒರಗಿಸಿ ನನ್ನ ಕಡೆ ತಿರುಗಿದರು. "ಏ ಹುಡುಗಿ, ಟೇಪು ತಾ. ನನ್ನನ್ನ ಅಳೆ."

ನಾನು ದೊಡ್ಡಮ್ಮನ ಮುಖ ನೋಡಿದೆ.

"ಅವಳ ಮುಖದಲ್ಲಿ ಅಳತೆ ಬರೆದಿಲ್ಲ. ಅಳೆಯೇ!"

ಭುಜದಿಂದ ಭುಜಕ್ಕೆ ಅಳೆದೆ. ಮೂವತ್ತಾರು ಸೆಂಟಿಮೀಟರ್.

"ಮೂವತ್ತಾರು. ಪೆಟ್ಟಿಗೆಗೆ ಐದೈದು ಸೇರಿಸು, ನಲವತ್ತಾರು" ಎಂದರು ಅಜ್ಜಿ. "ಎಪ್ಪತ್ತೊಂದರಲ್ಲಿ ಇನ್ನೂ ಹೊರಳಾಡೋಕೆ ಜಾಗ ಇದೆ. ತೊಂಬತ್ತು ಯಾರಿಗೆ ಮಾಡಿದ್ದೋ, ನಾನೇನು ಆನೆಯಾ?"

"ಪೆಟ್ಟಿಗೆ ಹಿಡಿಯುತ್ತೆ ಅಕ್ಕಾ. ತೋಡೋರಿಗೆ ನಿಲ್ಲೋಕೆ ಬೇಕಲ್ಲ. ಆ ಇಬ್ಬರೂ ಗಡವನ ಹಾಗಿದ್ದಾರೆ."

"ನೀನು ಇಳಿ."

"ನಾನು?"

"ನೀನೇನು ದಪ್ಪ ಇದ್ದೀಯ? ತಪ್ಪು ಮಾಡಿದ್ದು ನೀನು, ತೋಡೋದೂ ನೀನೇ. ಅರ್ಧ ಅವರು ತೋಡ್ಲಿ, ಇಕ್ಕಟ್ಟಿರೋ ಕಡೆ ನೀನು ಇಳಿ. ಒಂದೇ ಮಾತು, ನನಗಿಂತ ಮೊದಲು ಹೋಗಿಬಿಡಬೇಡ. ಆಮೇಲೆ ಈ ಕನ್ನಡಕದ ಫಾದರ್ ಬಂದು ನಿಯಮ ತೆಗೀತಾರೆ."

ದೊಡ್ಡಮ್ಮ ಮೂಗೊರೆಸಿಕೊಂಡಳು. ಫಾದರ್ ಅಷ್ಟರಲ್ಲಿ ಗೇಟಿನ ಬಳಿ ಬಂದಿದ್ದರು, ಎಲ್ಲ ಕೇಳಿಸಿತ್ತು. ನಿಯಮವು ದೊಡ್ಡವರ ಸರಾಸರಿ ಗಾತ್ರಕ್ಕೆ ಮಾಡಿದ್ದೆಂದೂ, ಅಜ್ಜಿ ಸರಾಸರಿಗೆ ಸೇರುವವರಲ್ಲವೆಂದೂ ಸಮಿತಿಗೆ ಬರೆಯುವುದಾಗಿ ಅಲ್ಲಿಂದಲೇ ಕೂಗಿದರು. ಆಮೇಲೆ ಬರೆದರು ಕೂಡ. ಸಮಿತಿ ಒಪ್ಪಿತು.

ಪುಸ್ತಕದಲ್ಲಿ ಬೇಕರಿಯವರ ಅಂಕಿಯನ್ನು ದೊಡ್ಡಮ್ಮ ಅಲ್ಲೇ ತಿದ್ದಿದಳು. ಮೂವತ್ತನಾಲ್ಕನ್ನು ಅಳಿಸಲಿಲ್ಲ. ಪಕ್ಕದಲ್ಲಿ "ಇದು ಸೊಸೆಯ ಹೆಜ್ಜೆ" ಎಂದು ಬರೆದಳು.

ಸ್ಟೂಲು ತರಿಸಿ ಅಜ್ಜಿಯನ್ನು ಕೂರಿಸಿದೆವು. ಅವರು ಕೂತರು. ಸೆರಗಿನ ತುದಿ ಎ‌ಳೆದುಕೊಂಡರು. ಬಂಡೆ ನೋಡಿದರು, ಮಣ್ಣು ನೋಡಿದರು. ಇಪ್ಪತ್ತೇಳು ವರ್ಷ ಕೂತ ಕೂಡಲೇ ಮಾತು ಶುರು ಮಾಡುತ್ತಿದ್ದವರಿಗೆ ಬಾಯಿಯೇ ಬರಲಿಲ್ಲ. ನಾವಿಬ್ಬರೂ ಕಾಯುತ್ತ ನಿಂತಿದ್ದೆವು.

"ನೀವು ಗೇಟಿನ ಹತ್ರ ಹೋಗಿ" ಎಂದರು ಕೊನೆಗೆ.

"ಯಾಕಕ್ಕಾ? ಇಷ್ಟು ವರ್ಷ ನನ್ನ ಮುಂದೆನೇ ಮಾತಾಡ್ತಿದ್ರಲ್ಲ?"

"ಆಗ ಯಾರ ಹತ್ರ ಮಾತಾಡ್ತಿದ್ದೆ ಅಂತ ಈಗ ಗೊತ್ತಾಯ್ತಲ್ಲ. ಇವರ ಜೊತೆ ನಾನು ಮಾತಾಡಿ ಮೂವತ್ತೊಂಬತ್ತು ವರ್ಷ ಆಯ್ತು ಕಣೆ. ಹೋಗು."

ನಾವು ಗೇಟಿಗೆ ಬಂದೆವು. ದೊಡ್ಡಮ್ಮ ಚಿಲಕ ಹಿಡಿದು ಆ ಕಡೆಗೆ ಬೆನ್ನು ಹಾಕಿ ನಿಂತಳು. ಅಜ್ಜಿಯ ದನಿ ಮೆಲ್ಲಗೆ ಶುರುವಾಯಿತು, ಬರಬರುತ್ತ ಏರಿತು. ಬೈಯುತ್ತಿದ್ದರು. ಹೇಳದೆ ಕೇಳದೆ ಹೋಗಿದ್ದಕ್ಕೆ, ಎರಡು ಮಕ್ಕಳನ್ನು ಕೈಗೆ ಕೊಟ್ಟು ಹೋಗಿದ್ದಕ್ಕೆ, ಅಷ್ಟು ವರ್ಷ ಹತ್ತಿರದಲ್ಲೇ ಇದ್ದೂ ಒಂದು ಸಲವಾದರೂ ಕೆಮ್ಮದೆ ಸುಮ್ಮನೆ ಮಲಗಿದ್ದಕ್ಕೆ.

ದೊಡ್ಡಮ್ಮ ಚಿಲಕ ಬಿಟ್ಟು ನನ್ನ ಕಡೆ ನೋಡಿದಳು. "ಸರಿಯಾದ ಜಾಗಾನೇ" ಎಂದಳು.